ಎಡ ಮುಂದಿನ ಚಕ್ರದ ಸದ್ದು

ಜನವರಿ ೯

ಅಪ್ಪಾ,

ಫೋನಲ್ಲಿ ಕೇಳೋಣ ಅಂದ್ರೆ ನೀನು ಮೂರು ಸಲ "ಹಾಂ? ಏನು?" ಅಂದು, ಕೊನೆಗೆ ನನ್ನ ಫೋನೇ ಸರಿ ಇಲ್ಲ ಅಂತ ನನ್ನನ್ನೇ ಬೈದು ಇಟ್ಟುಬಿಡ್ತೀಯ. ಈ ಫೋನು ತಗೊಂಡು ಎರಡು ತಿಂಗಳೂ ಆಗಿಲ್ಲ. ಅದಕ್ಕೇ ಈ ಕಾಗದ. ಮಧ್ಯಾಹ್ನ ಅಂಗಡಿಗೆ ಗಿರಾಕಿಗಳು ಬರಲ್ಲ, ಕಣ್ಣು ಪರೀಕ್ಷೆ ಮಾಡೋ ಕೋಣೆಯಲ್ಲಿ ಕೂತು ಬರೀತಿದ್ದೀನಿ.

ವಿಷಯ ಏನಪ್ಪಾ ಅಂದ್ರೆ, ನಮ್ಮ ಕನ್ನಡಕದ ಅಂಗಡಿ ಊರಾಚೆ ಹೊಸ ಕಟ್ಟಡಕ್ಕೆ ಹೋಗ್ತಿದೆ. ನಿನ್ನ ಮೊಮ್ಮಗಳು ಗುಬ್ಬಿಯ ಸ್ಕೂಲು ಅದಕ್ಕೆ ಸರಿಯಾಗಿ ಉಲ್ಟಾ ದಿಕ್ಕಿಗಿದೆ. ಅವಳನ್ನ ಬಿಟ್ಟು, ಎರಡು ಬಸ್ಸು ಬದಲಾಯಿಸಿ, ಕೆಲಸಕ್ಕೆ ಓಡಿ, ಮಧ್ಯೆ ಅತ್ತೆಯನ್ನ ಮಂಡಿ ಡಾಕ್ಟರ ಹತ್ರ ಕರ್ಕೊಂಡು ಹೋಗೋದು ಅಂದ್ರೆ ಇನ್ನು ನನ್ನ ಕೈಲಾಗಲ್ಲ. ಕಾರು ಬೇಕು. ಎರಡು ವರ್ಷದಿಂದ ಈ ಮಾತನ್ನ ನಮ್ಮನೇಲಿ ಯಾರೂ ಎತ್ತಿರಲಿಲ್ಲ. ಯಾಕೆ ಅಂತ ನಿನಗೆ ಗೊತ್ತು.

ನೋಡಿರೋದು ಒಂದು ಕರೆಂಟಿನ ಎಸ್‌ಯುವಿ. ಹಳೇ ಮಾದರಿಯನ್ನೇ ತಿದ್ದಿ, ಹೊಸ ದೀಪ, ದೊಡ್ಡ ಬ್ಯಾಟರಿ, ದೊಡ್ಡ ಪರದೆ ಹಾಕಿ ಈ ತಿಂಗಳು ಬಿಟ್ಟಿದ್ದಾರೆ. ಐದು ಜನ ಕೂತರೂ ಮೊಣಕಾಲು ಮುಂದಿನ ಸೀಟಿಗೆ ತಾಗಲ್ಲ. ನಿನ್ನ ಅಳಿಯ ಬೇಡ ಅನ್ನಲಿಲ್ಲ, ಹೂಂ ಅಂತಲೂ ಅನ್ನಲಿಲ್ಲ. "ನಿಮ್ಮಪ್ಪನ್ನ ಕೇಳು" ಅಂದ್ರು. ಅದಕ್ಕೇ ಕೇಳ್ತಿದ್ದೀನಿ.

ಉತ್ತರ ಬೇಗ ಬರೆ,
ನಿನ್ನ ಮಗಳು


ಜನವರಿ ೧೭

ಮಗಳೇ,

ಕಾಗದ ಬಂತು. ನಿಮ್ಮಮ್ಮನಿಗೂ ಓದಿ ಹೇಳಿದೆ. ಅವಳೇನೋ ಅಂದಳು. ಈಚೀಚೆಗೆ ಬಾಯೊಳಗೇ ಮಾತಾಡ್ತಾಳೆ, ಅರ್ಧ ಗಂಟಲಲ್ಲೇ ಉಳಿದುಬಿಡುತ್ತೆ.

ನಲವತ್ತೊಂದು ವರ್ಷ ಗಾಡಿಗಳ ಹೊಟ್ಟೆ ಕೆಳಗೆ ಮಲಗಿದವನು ನಾನು. ಈ ತಿದ್ದೋದು ತೀಡೋದು ಎಲ್ಲ ಯಾಕೆ ಅಂತ ನನಗೆ ಗೊತ್ತು. ಹಳೇದು ಚೆನ್ನಾಗಿ ಓಡ್ತಿದ್ರೆ ಅದರ ತಂಟೆಗೆ ಯಾರು ಹೋಗ್ತಾರೆ? ಏನು ಸೇರಿಸಿದ್ದಾರೆ ಅಂತ ಷೋರೂಮಿನವರು ಹತ್ತು ಸಲ ಹೇಳ್ತಾರೆ. ಏನು ಕಿತ್ತುಹಾಕಿದ್ದಾರೆ ಅಂತ ನೀನು ಕೇಳು. ಹಳೇ ಮಾದರಿ ತಗೊಂಡವರು ಯಾಕೆ ಮಾರ್ತಿದ್ದಾರೆ ಅದನ್ನೂ ಕೇಳು. ಒಂದು ಚಾರ್ಜಿಗೆ ಇಷ್ಟು ದೂರ ಅಂತಾರಲ್ಲ, ಅದು ಒಬ್ಬನೇ ಕೂತು ಎಸಿ ಆರಿಸಿ ಹೋದ ದೂರವೋ, ಐದು ಜನ ಬ್ಯಾಗು ಸಮೇತ ಏರು ಹತ್ತಿದ ದೂರವೋ? ಬ್ಯಾಟರಿ ಕೆಟ್ಟರೆ ಬಿಚ್ಚೋನು ಯಾರು? ನಗ್ತಾ ಉತ್ತರ ಕೊಟ್ರೆ ನಂಬಬೇಡ, ಬರೆದುಕೊಡಿ ಅನ್ನು.

ಇನ್ನೊಂದು ಮಾತು. ನಿನ್ನ ಗಂಡ ನನ್ನನ್ನ ಕೇಳು ಅಂದನಾ? ಯಾಕೆ? ಆ ಕೆಂಪು ಕಾರನ್ನ ನಾನೇ ನೋಡಿ, ಸರಿ ಇದೆ ಅಂತ ತೆಗೆಸಿಕೊಟ್ಟೆ, ಒಪ್ತೀನಿ. ಮೂರು ತಿಂಗಳಿಗೆ ಇಳಿಜಾರಿನಲ್ಲಿ ಎಡ ಮುಂದಿನ ಬೇರಿಂಗು ಹಿಡ್ಕೊಂಡು ಚಕ್ರ ಕಳಚಿತು, ಗಾಡಿ ಗೋಡೆಗೆ ಗುದ್ದಿತು, ಗುಬ್ಬಿಯ ಮೊಣಕೈ ಮುರೀತು. ಆದ್ರೆ ನಾನು ನೋಡಿದಾಗ ಬೇರಿಂಗು ಸರಿ ಇತ್ತು. ಆಮೇಲೆ ಅವನು ಎಲ್ಲೋ ಗುಂಡಿಗೆ ಇಳಿಸಿದ್ದಾನೆ. ಆವತ್ತೂ ಅದನ್ನೇ ಹೇಳಿದೆ, ಇವತ್ತೂ ಅದನ್ನೇ ಹೇಳ್ತೀನಿ. ಅವನು ಎದುರು ಒಂದು ಮಾತಾಡಲಿಲ್ಲ, ಆವತ್ತಿಂದ ನಮ್ಮನೆ ಮೆಟ್ಟಿಲೂ ಹತ್ತಲಿಲ್ಲ. ಈಗ ಇದ್ದಕ್ಕಿದ್ದ ಹಾಗೆ ನನ್ನ ಮೇಲೆ ನಂಬಿಕೆ ಹುಟ್ಟಿತಾ? ನಾಳೆ ಏನಾದ್ರೂ ಆದ್ರೆ "ನಿಮ್ಮಪ್ಪನೇ ಹೇಳಿದ್ದು" ಅನ್ನೋಕೆ ಈಗಲೇ ದಾರಿ ಮಾಡ್ಕೊಳ್ತಿರಬೇಕು.

ಯಾರನ್ನೂ ಸುಮ್ಮನೆ ನಂಬದ,
ಅಪ್ಪ


ಫೆಬ್ರವರಿ ೨

ಅಪ್ಪಾ,

ನೀನು ಕೇಳು ಅಂದದ್ದೆಲ್ಲ ಕೇಳಿದೆ. ಷೋರೂಮಿನಾಕೆ ನಕ್ಕರು, ನಾನು ನಗಲಿಲ್ಲ. ಬರೆದುಕೊಡಿ ಅಂದೆ. ಬರೆಯೋವಾಗ ದೂರ ಕಾಲುಭಾಗ ಕಮ್ಮಿ ಆಯ್ತು. ನಿನ್ನ ಅನುಮಾನದಿಂದ ಅಷ್ಟಾದ್ರೂ ಲಾಭ ಆಯ್ತು ಬಿಡು. ಬ್ಯಾಟರಿಗೆ ಎಂಟು ವರ್ಷದ ಗ್ಯಾರಂಟಿ, ಬಿಚ್ಚೋದು ಕಂಪನಿಯವರೇ. ಕಿತ್ತುಹಾಕಿರೋದು ಏನು ಅಂದಾಗ ಮಾತ್ರ ಆಕೆ ಸ್ವಲ್ಪ ಹೊತ್ತು ಕಂಪ್ಯೂಟರ್ ನೋಡಿದ್ರು. ಆಮೇಲೆ ಹೇಳಿದ್ರು. ಸ್ಟೆಪ್ನಿ ಇಲ್ಲ. ಪಂಚರ್ ಆದ್ರೆ ತುಂಬೋ ಕಿಟ್ ಕೊಡ್ತಾರಂತೆ.

ಕೆಂಪು ಕಾರಿನ ಮಾತನ್ನ ನೀನೇ ತೆಗೆದೆ, ಅದಕ್ಕೇ ಹೇಳ್ತೀನಿ. ನಿನ್ನ ಅಳಿಯ ಎದುರು ಮಾತಾಡಲಿಲ್ಲ ಅನ್ನೋದು ನಿಜ ಅಲ್ಲ. ತಗೊಂಡ ಎರಡನೇ ವಾರಕ್ಕೇ "ಮಾವ, ಮುಂದೆ ಎಲ್ಲೋ ಗುಂಯ್ ಅಂತ ಸದ್ದು ಬರ್ತಿದೆ" ಅಂತ ನಿನ್ನ ಗ್ಯಾರೇಜಿಗೆ ತಂದಿದ್ರು. ನೀನು ಒಂದು ಸುತ್ತು ಓಡಿಸಿ, ಅದು ಟೈರಿನ ಸದ್ದು, ಕಟ್ಟಡದ ನಕ್ಷೆ ಬರೆಯೋನಿಗೆ ಇದೆಲ್ಲ ತಿಳಿಯಲ್ಲ ಅಂದೆ. ನಾಲ್ಕು ಜನರೆದುರಿಗೆ ಅಂದೆ. ನಾನು ಪಕ್ಕದಲ್ಲೇ ಇದ್ದೆ.

ಜಗಳಕ್ಕೆ ಬರೀತಿಲ್ಲ. ಈ ತಿಂಗಳ ಕೊನೆಗೆ ಓಡಿಸಿ ನೋಡೋಕೆ ಗಾಡಿ ಕೊಡ್ತಾರೆ. ಬರ್ತೀಯಾ?

ಕಾಯ್ತಿರೋ,
ಮಗಳು


ಫೆಬ್ರವರಿ ೧೧

ಮಗಳೇ,

ಸ್ಟೆಪ್ನಿ ಇಲ್ಲ. ಎಷ್ಟು ಧೈರ್ಯ ನೋಡು ಅವರಿಗೆ. ನಾಲ್ಕು ಚಕ್ರದ ಗಾಡಿಗೆ ಐದು ಚಕ್ರ ಇರಬೇಕು ಅನ್ನೋದು ಗ್ಯಾರೇಜಿಗೆ ಕಾಲಿಟ್ಟ ಮೊದಲ ದಿನ ಕಲಿಯೋ ಪಾಠ. ಅದನ್ನೇ ತೆಗೆದವರು ಕಣ್ಣಿಗೆ ಕಾಣದ ಕಡೆ ಇನ್ನೇನೇನು ತೆಗೆದಿದ್ದಾರೋ.

ಬರ್ತೀನಿ. ನನ್ನ ಉದ್ದ ಸ್ಕ್ರೂಡ್ರೈವರ್ ತರ್ತೀನಿ. ಅವರ ಪರದೆ, ಕಂಪ್ಯೂಟರು ಅವರ ಹತ್ರವೇ ಇರಲಿ. ಸ್ಕ್ರೂಡ್ರೈವರಿನ ತುದಿ ಕಬ್ಬಿಣಕ್ಕೆ ಇಟ್ಟು, ಹಿಡಿ ಕಿವಿಗೆ ಒತ್ತಿ, ಕಣ್ಣು ಮುಚ್ಚಿದ್ರೆ ಒಳಗಿನ ಬೇರಿಂಗು ತನ್ನ ಕಷ್ಟ ತಾನೇ ಹೇಳುತ್ತೆ. ಎಷ್ಟೋ ದೊಡ್ಡ ಇಂಜಿನಿಯರುಗಳು ಸೋತ ಗಾಡಿಯನ್ನ ನಾನು ಹೀಗೇ ಗೆದ್ದಿದ್ದೀನಿ.

ನಿನ್ನ ಕಾಗದದ ಎರಡನೇ ಪ್ಯಾರಾಕ್ಕೆ ನಾನು ಉತ್ತರ ಬರೆಯಲ್ಲ.

ಅಪ್ಪ


ಮಾರ್ಚ್ ೪

ಮಗಳೇ,

ಮನೆಗೆ ಬಂದು ತಲುಪಿದೆ. ಬಸ್ಸಲ್ಲಿ ಕೂತು ಯೋಚನೆ ಮಾಡಿದ್ದನ್ನ ಬರೀತಿದ್ದೀನಿ.

ಗಾಡಿ ಬೇಡ. ಸೀಟು ಚೆನ್ನಾಗಿದೆ, ಒಪ್ತೀನಿ. ಗುಬ್ಬಿ ಹಿಂದಿನ ಸೀಟಲ್ಲಿ ಕಾಲು ಚಾಚಿ ರಾಣಿ ಹಾಗೆ ಕೂತಿದ್ಲು, ಅದೂ ಸರಿ. ಆದ್ರೆ ಎಡ ಮುಂದಿನ ಚಕ್ರದಲ್ಲಿ ಸದ್ದಿದೆ. ತೆಳ್ಳಗೆ, ಎಳೆ ಎಳೆಯಾಗಿ, ಕುಯ್ಯ್ ಅಂತ. ಆ ಷೋರೂಮಿನಾಕೆ "ಸರ್, ಸ್ಕ್ರೂಡ್ರೈವರ್ ಗೀಚಿಬಿಡುತ್ತೆ" ಅಂತ ಅಡ್ಡ ಬಂದಳಲ್ಲ, ಆಗಲೇ ನನಗೆ ಗೊತ್ತಾಯ್ತು, ಏನೋ ಮುಚ್ಚಿಡ್ತಿದ್ದಾಳೆ. ಹಿಂದೆ ಕೂತಿದ್ದ ಅವಳ ಇಂಜಿನಿಯರು ತನಗೇನೂ ಕೇಳಿಸ್ತಿಲ್ಲ ಅಂದ. ಅವನಿಗೆ ಸಂಬಳ ಕೊಡೋದು ಯಾರು? ನೀನೂ ಕೇಳಿಸ್ತಿಲ್ಲ ಅಂದೆ. ನಿನ್ನದು ಕಣ್ಣಿನ ಕೆಲಸ, ಕಿವಿಯ ಕೆಲಸ ಅಲ್ಲ.

ಪೆಟ್ರೋಲ್ ಗಾಡಿ ಆಗಿದ್ರೆ ಇಂಜಿನ್ ಗಲಾಟೆಯಲ್ಲಿ ಈ ಸದ್ದು ಮುಚ್ಚಿಹೋಗ್ತಿತ್ತು. ಇದು ಸದ್ದಿಲ್ಲದ ಗಾಡಿ, ಅದಕ್ಕೇ ಸಿಕ್ಕಿಬಿತ್ತು. ಇನ್ನೊಂದು ಸಲ ಎಡ ಮುಂದಿನ ಚಕ್ರದ ಮೇಲೆ ನಮ್ಮ ಮಗು ಕೂರೋದು ಬೇಡ.

ನಿನ್ನ ಗಂಡ ಬರಲೇ ಇಲ್ಲವಲ್ಲ. ನನ್ನನ್ನ ಕೇಳು ಅಂದವನು ಎಲ್ಲಿ ಹೋಗಿದ್ದ?

ಅಪ್ಪ


ಮಾರ್ಚ್ ೧೫

ಅಪ್ಪಾ,

ನಿನ್ನ ಮಾತಿಗೆ ಬೆಲೆ ಕೊಟ್ಟು ಷೋರೂಮಿನವರು ಚಕ್ರ ಬಿಚ್ಚಿದ್ರು. ನಾನೇ ನಿಂತು ನೋಡಿದೆ. ಅವರ ಯಂತ್ರದಲ್ಲೂ ಏನೂ ಸಿಗಲಿಲ್ಲ. ಅದನ್ನ ನೀನು ನಂಬಲ್ಲ ಅಂತ ಗೊತ್ತಿತ್ತು, ಅದಕ್ಕೇ ಬೇರೆ ಬಣ್ಣದ್ದು, ಬೇರೆ ತಿಂಗಳು ತಯಾರಾದ ಇನ್ನೊಂದು ಗಾಡಿ ಕೊಡಿ ಅಂದೆ. ಕೊಡ್ತಾರಂತೆ. ಇನ್ನೊಂದು ಸಲ ಬಾ.

ನಿನ್ನ ಅಳಿಯ ಯಾಕೆ ಬರಲಿಲ್ಲ ಅಂತ ಕೇಳಿದ್ದೀಯ. ಗೇಟಿನವರೆಗೂ ಬಂದಿದ್ರು. ನೀನು ಸ್ಕ್ರೂಡ್ರೈವರ್ ಕಿವಿಗೆ ಇಟ್ಟಿದ್ದು ನೋಡಿ ವಾಪಸ್ ಹೋದ್ರು.

ಮಗಳು


ಮಾರ್ಚ್ ೨೦

ಮಗಳೇ,

ಒಂದೇ ಅಚ್ಚಲ್ಲಿ ಎರಕ ಹೊಯ್ದದ್ದು, ಬಣ್ಣ ಬೇರೆ ಆದ್ರೆ ಬೇರಿಂಗು ಬೇರೆ ಆಗುತ್ತಾ? ಆದ್ರೂ ಬರ್ತೀನಿ. ಆ ಇಂಜಿನಿಯರು ಗಾಡಿಯಲ್ಲಿ ಇರಬಾರದು. ಷೋರೂಮಿನಾಕೆಯೂ ಬೇಡ. ನೀನು ಓಡಿಸು, ನಾನು ಕೇಳ್ತೀನಿ.

ಅಪ್ಪ


ಏಪ್ರಿಲ್ ೬

ಅಪ್ಪಾ,

ನೀನು ಬಸ್ಸು ಹತ್ತೋವಾಗ ಹೇಳಿದ್ದು ಇನ್ನೂ ಕಿವಿಯಲ್ಲೇ ಇದೆ. "ಇದರಲ್ಲೂ ಅದೇ ಸದ್ದು, ಅದೇ ಚಕ್ರ. ಇಡೀ ಕಂಪನಿಯೇ ಸುಳ್ಳು" ಅಂದೆ. ನಾನು ಹೂಂ ಅಂದು ಕೈ ಬೀಸಿದೆ.

ಇವತ್ತು ಒಬ್ಬ ಗಿರಾಕಿಯ ವಿಷಯ ಬರೀಬೇಕು ಅನ್ನಿಸ್ತು. ವಯಸ್ಸಾದ ಟೈಲರ್ ಒಬ್ರು ಬಂದಿದ್ರು. ಅಕ್ಷರದ ಬೋರ್ಡು ಓದಿ ಅಂದ್ರೆ ಕೊನೇ ಸಾಲಿನವರೆಗೂ ಪಟಪಟ ಓದಿದ್ರು. ಆದ್ರೆ ಓದೋವಾಗ ಕಣ್ಣು ಬೋರ್ಡಿನ ಮೇಲೆ ಇರಲೇ ಇಲ್ಲ. ಹೊರಗೆ ಕಾಯ್ತಾ ಕೂತಾಗ ಬೇರೆಯವರು ಓದೋದು ಕೇಳಿ ಬಾಯಿಪಾಠ ಮಾಡಿದ್ರು. ನಾನು ಸುಮ್ಮನೆ ಬೋರ್ಡು ಬದಲಾಯಿಸಿದೆ. ಆಗಲೂ ಹಳೇ ಅಕ್ಷರಗಳನ್ನೇ ಓದಿದ್ರು.

ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಸೂಜಿಗೆ ದಾರ ಪೋಣಿಸಿ ಬದುಕಿದವರು, ಕಾಣಲ್ಲ ಅನ್ನೋಕೆ ಭಯ ಇರುತ್ತೆ. ಆದ್ರೆ ಕಾಣಲ್ಲ ಅಂತ ಅವರು ಹೇಳೋ ತನಕ ನಾನು ಕನ್ನಡಕ ಕೊಡೋಕೆ ಆಗಲ್ಲ. ಆ ಕಣ್ಣಲ್ಲೇ ಯಾರದೋ ಬಟ್ಟೆ ಕತ್ತರಿಸ್ತಾ ಇರ್ತಾರೆ.

ಅಪ್ಪಾ, ಮೊನ್ನೆ ಮರದ ಕೆಳಗೆ ಗಾಡಿ ಮೆಲ್ಲಗೆ ನಿಲ್ಲಿಸಿದಾಗಲೂ ನೀನು ಕಣ್ಣು ಮುಚ್ಚಿ ಕೇಳ್ತಾನೇ ಇದ್ದೆ. ಆಗ ನಾನು ಒಂದು ಗುಂಡಿ ಒತ್ತಿದೆ. "ಈಗಲೂ ಇದೆಯಾ?" ಅಂತ ಜೋರಾಗಿ ಕೇಳಿದೆ. "ಇದೆ, ಎಡಗಡೆ" ಅಂದೆ ನೀನು. ಯಾವ ಗುಂಡಿ ಅಂತ ನೀನು ಕೇಳಿದ ದಿನ ಹೇಳ್ತೀನಿ.

ಮಗಳು


ಏಪ್ರಿಲ್ ೧೨

ಮಗಳೇ,

ಟೈಲರ್ ಕತೆ ನನಗ್ಯಾಕೆ? ನನ್ನ ಕಣ್ಣು ಚೆನ್ನಾಗಿದೆ. ನಿನ್ನ ಕಾಗದವನ್ನ ಕನ್ನಡಕ ಇಲ್ಲದೇ ಓದ್ತಿದ್ದೀನಿ.

ನೀನು ಈಗ ಅವರ ಕಡೆ ಸೇರ್ಕೊಂಡಿದ್ದೀಯ ಅಂತ ನನಗೆ ಅನುಮಾನ. ಷೋರೂಮಿನವರ ಕಡೆಯೋ, ನಿನ್ನ ಗಂಡನ ಕಡೆಯೋ ಗೊತ್ತಾಗ್ತಿಲ್ಲ. ನಿಮ್ಮಮ್ಮನೂ ಸೇರಿರಬೇಕು. ನಾನು ಟಿವಿ ಮುಂದೆ ಕೂತಾಗ ಹಿಂದಿನಿಂದ ಬಂದು ಸೌಂಡು ಕಮ್ಮಿ ಮಾಡಿ ಹೋಗ್ತಾಳೆ. ನೀವೆಲ್ಲ ಸೇರಿ ಏನೋ ಮಾತಾಡ್ಕೊಂಡಿದ್ದೀರಿ.

ಯಾವ ಗುಂಡಿ ಒತ್ತಿದೆ? ನೇರವಾಗಿ ಹೇಳು.

ಅಪ್ಪ


ಏಪ್ರಿಲ್ ೧೭

ಅಪ್ಪಾ,

ಆಫ್ ಗುಂಡಿ. ಗಾಡಿ ಪೂರ್ತಿ ನಿಂತಿತ್ತು. ನೀನು ಸದ್ದು ಇದೆ ಅಂದಾಗ ಅದರಲ್ಲಿ ಏನೂ ತಿರುಗ್ತಾ ಇರಲಿಲ್ಲ.

ನಿನ್ನ ಮಗಳು


ಮೇ ೨೧

ಮಗಳೇ,

ಒಂದು ತಿಂಗಳಿಂದ ಬರೆಯಲಿಲ್ಲ. ನೀನು ಫೋನ್ ಮಾಡಿದಾಗಲೂ ನಿಮ್ಮಮ್ಮನ ಕೈಗೇ ಕೊಟ್ಟೆ. ನೀನು ಸುಳ್ಳು ಹೇಳ್ತಿದ್ದೀಯ ಅಂತ ಮೊದಲ ಎರಡು ವಾರ ನಂಬಿದ್ದೆ. ಅದು ಸುಲಭ ಇತ್ತು.

ಹೋದ ವಾರ ಮಧ್ಯಾಹ್ನ ಕರೆಂಟು ಹೋಯ್ತು. ನಿಮ್ಮಮ್ಮ ಪಕ್ಕದ ಮನೆಗೆ ಹೋಗಿದ್ಲು. ಫ್ಯಾನು ನಿಂತಿತು, ಫ್ರಿಜ್ಜು ನಿಂತಿತು, ಕೆಳಗಿನ ಗ್ಯಾರೇಜಿಗಂತೂ ಬೀಗ ಹಾಕಿ ಒಂದೂವರೆ ವರ್ಷ ಆಯ್ತು. ಮನೆ ಪೂರ್ತಿ ಸ್ತಬ್ಧ. ಆಗ ಬಂತು ಅದೇ ಸದ್ದು. ತೆಳ್ಳಗೆ, ಎಳೆ ಎಳೆಯಾಗಿ, ಎಡಗಡೆಯಿಂದ. ಎದ್ದು ಸ್ಕ್ರೂಡ್ರೈವರ್ ತಂದೆ. ಗೋಡೆಗೆ ಇಟ್ಟೆ, ಇದೆ. ಮೇಜಿಗೆ ಇಟ್ಟೆ, ಇದೆ. ಕಿಟಕಿ ಸರಳಿಗೆ ಇಟ್ಟೆ, ಅಲ್ಲೂ ಇದೆ. ಹುಚ್ಚು ಹಿಡಿದವನ ಹಾಗೆ ಮನೆಯೆಲ್ಲ ಸುತ್ತಿ ಕೊನೆಗೆ ಮಂಚದ ಮೇಲಿನ ದಿಂಬಿಗೆ ಇಟ್ಟೆ. ಅಲ್ಲೂ ಅದೇ ಸದ್ದು. ದಿಂಬಿಗೆ ಬೇರಿಂಗು ಇರಲ್ಲ ಮಗಳೇ. ಅಲ್ಲೇ ಮಂಚದ ಮೇಲೆ ಕೂತು ಅತ್ತುಬಿಟ್ಟೆ.

ನಿಮ್ಮಮ್ಮ ಬಂದ ಮೇಲೆ ಕೇಳಿದೆ, ನನಗೆ ಕಿವಿ ಯಾವಾಗಿಂದ ಕೇಳಿಸ್ತಿಲ್ಲ ಅಂತ. ಅವಳು ಕೈ ತೊಳೆದು ಬಂದು ನನ್ನ ಮುಂದೆ ಕೂತು, ಬಾಯಿ ಕಾಣೋ ಹಾಗೆ ನಿಧಾನಕ್ಕೆ ಹೇಳಿದ್ಲು. ಮೂರು ವರ್ಷ ಆಯ್ತಂತೆ. ಕೂಗಿ ಕೂಗಿ ಅವಳ ಗಂಟಲು ಕಟ್ಟಿದೆ, ಬಾಯೊಳಗೆ ಮಾತಾಡ್ತಿರಲಿಲ್ಲ.

ಮೂರು ವರ್ಷ ಅಂದ್ರೆ ಲೆಕ್ಕ ಹಾಕು. ಕೆಂಪು ಕಾರು ಬಂದು ಎರಡು ವರ್ಷ ಚಿಲ್ಲರೆ.

ಈಗ ಬರೆಯೋದನ್ನ ಗುಬ್ಬಿ ದೊಡ್ಡವಳಾದ ಮೇಲೆ ಅವಳಿಗೂ ತೋರಿಸು. ಆ ಕಾರನ್ನ ಜಾಕ್ ಮೇಲೆ ಎತ್ತಿ, ಎಡ ಮುಂದಿನ ಚಕ್ರ ತಿರುಗಿಸಿ, ಸ್ಕ್ರೂಡ್ರೈವರ್ ಇಟ್ಟು ಕೇಳಿದಾಗ ನನಗೆ ಏನೂ ಕೇಳಿಸಲಿಲ್ಲ. ಒಳ್ಳೇ ಬೇರಿಂಗಿಗೂ ಒಂದು ಸದ್ದಿರುತ್ತೆ, ಮೆತ್ತಗೆ, ಎಣ್ಣೆಯಲ್ಲಿ ಜಾರೋ ಸದ್ದು. ನಲವತ್ತೊಂದು ವರ್ಷ ಕೇಳಿದವನು ನಾನು. ಅದೂ ಕೇಳಿಸಲಿಲ್ಲ. ಆಗಲೇ ಒಂದು ಕ್ಷಣ ಅನುಮಾನ ಬಂತು. ಸುತ್ತ ಜನ ನಿಂತಿದ್ರು. ನಾನು ಎದ್ದು ಕೈ ಒರೆಸ್ಕೊಂಡು, ಕಣ್ಣು ಮುಚ್ಚಿ ತಗೊಳ್ಳಿ ಅಂದೆ. ಎಲ್ಲರ ಮೇಲೂ ಅನುಮಾನ ಪಡೋನು ಆ ಒಂದನ್ನ ಮಾತ್ರ ನುಂಗ್ಕೊಂಡೆ. ನಿನ್ನ ಗಂಡ ಸದ್ದು ಬರ್ತಿದೆ ಅಂದಾಗಲೂ ನನಗೆ ಕೇಳಿಸಲಿಲ್ಲ. ಕೇಳಿಸಲಿಲ್ಲ ಅನ್ನೋ ಬದಲು ಅವನಿಗೆ ತಿಳಿಯಲ್ಲ ಅಂದೆ. ಗ್ಯಾರೇಜು ಮುಚ್ಚಿದ್ದೂ ಎಲ್ಲರಿಗೂ ಹೇಳಿದ ಹಾಗೆ ಸೊಂಟ ನೋವಿಗೆ ಅಲ್ಲ.

ಅವನು ಯಾವ ಗುಂಡಿಗೂ ಇಳಿಸಿರಲಿಲ್ಲ. ಅದು ನನಗೆ ಒಳಗೊಳಗೇ ಗೊತ್ತಿತ್ತು.

ಹೊಸ ಕಾರಿನ ಬಗ್ಗೆ ನಾನು ಹೇಳಿದ ಸದ್ದನ್ನ ಮರೆತುಬಿಡು. ಆ ಷೋರೂಮಿನಾಕೆಗೆ ನನ್ನ ಕಡೆಯಿಂದ ಕ್ಷಮೆ ಕೇಳು. ಸ್ಟೆಪ್ನಿ ಇಲ್ಲ ಅನ್ನೋದು ಮಾತ್ರ ಈಗಲೂ ತಪ್ಪೇ, ಅದರಲ್ಲಿ ನಾನು ಜಗ್ಗಲ್ಲ. ಒಂದು ಚಕ್ರ ಬೇರೆ ತಗೊಂಡು ಡಿಕ್ಕಿಯಲ್ಲಿ ಹಾಕಿಸು.

ಇದರ ಜೊತೆ ಇನ್ನೊಂದು ಕಾಗದ ಇದೆ. ಅಳಿಯಂದಿರಿಗೆ ಕೊಡು.

ತಪ್ಪು ಮಾಡಿದ,
ನಿನ್ನ ಅಪ್ಪ


ಮೇ ೨೧

ಅಳಿಯಂದಿರಿಗೆ,

ನಿಮಗೆ ನಾನು ಈವರೆಗೆ ಒಂದು ಕಾಗದವನ್ನೂ ಬರೆದಿಲ್ಲ. ನಡೆದದ್ದನ್ನೆಲ್ಲ ಮಗಳಿಗೆ ಬರೆದಿದ್ದೀನಿ, ಓದಿ. ಆವತ್ತು ನಿಮ್ಮ ಕಿವಿ ಸರಿ ಇತ್ತು, ನನ್ನದು ಸರಿ ಇರಲಿಲ್ಲ. ನಾಲ್ಕು ಜನರೆದುರಿಗೆ ನಿಮಗೆ ತಿಳಿಯಲ್ಲ ಅಂದೆ. ಆಸ್ಪತ್ರೆಯಲ್ಲಿ ಮಗುವಿನ ಮಂಚದ ಪಕ್ಕ ನಿಂತು ತಪ್ಪು ನಿಮ್ಮದು ಅಂದೆ. ನೀವು ನನ್ನನ್ನ ಕ್ಷಮಿಸಿ ಅಂತ ಕೇಳೋ ಮುಖ ನನಗಿಲ್ಲ.

ಸ್ಕ್ರೂಡ್ರೈವರ್ ಕಳಿಸ್ತಿದ್ದೀನಿ. ಕಾರು ತಗೊಳ್ಳೋ ಮುಂಚೆ ನೀವು ಕೇಳಿ. ನಿಮಗೆ ಸರಿ ಅನ್ನಿಸಿದ್ರೆ ಸರಿ.

ಮಾವ


ಜೂನ್ ೮

ಮಾವನವರಿಗೆ,

ನಿಮ್ಮ ಕಾಗದ ಓದಿ ಎರಡು ದಿನ ಅದನ್ನ ಮತ್ತೆ ಮುಟ್ಟಲಿಲ್ಲ. ತುಂಬ ಸಿಟ್ಟು ಬಂದಿತ್ತು. ಈ ಎರಡು ವರ್ಷ ನಾನು ಆ ಮೂರು ತಿಂಗಳು ಓಡಾಡಿದ ರಸ್ತೆಗಳನ್ನೆಲ್ಲ ತಲೆಯಲ್ಲೇ ಬಿಡಿಸಿ, ಯಾವ ಗುಂಡಿ ಇರಬಹುದು ಅಂತ ಹುಡುಕ್ತಾ ಇದ್ದೆ. ನೀವು ಅಷ್ಟು ಖಡಾಖಂಡಿತವಾಗಿ ಹೇಳಿದ್ರಿಂದ ಎಲ್ಲೋ ಇಳಿಸಿರಬೇಕು ಅಂತ ನಾನೂ ನಂಬಿಬಿಟ್ಟಿದ್ದೆ. ಆಮೇಲೆ ಯಾವ ಸ್ಟೀರಿಂಗನ್ನೂ ಮುಟ್ಟಲಿಲ್ಲ.

ನಿಮ್ಮ ಒಂದು ಅನುಮಾನ ನಿಜ. ನಿಮ್ಮನ್ನ ಕೇಳು ಅಂತ ನಾನು ಹೇಳಿದ್ದು ಒಳ್ಳೇ ಮನಸ್ಸಿಂದ ಅಲ್ಲ. ಈ ಸಲ ಏನಾದ್ರೂ ಆದ್ರೆ ಆ ಮಾತು ನಿಮ್ಮದಾಗಿರಲಿ ಅಂತ. ಅದನ್ನ ನಾನೂ ಹೇಳಿಬಿಡಬೇಕು ಅನ್ನಿಸ್ತು.

ಹೋದ ಶನಿವಾರ ಷೋರೂಮಿಗೆ ಹೋದ್ವಿ. ನಾನೇ ಓಡಿಸಿದೆ. ಮೊದಲ ಹತ್ತು ನಿಮಿಷ ಕಂಡ ಕಂಡ ಗುಂಡಿಗೆಲ್ಲ ಬ್ರೇಕ್ ಹಾಕಿದೆ, ಆಮೇಲೆ ಸರಾಗವಾಗಿ ಓಡಿಸಿದೆ. ವಾಪಸ್ ಬಂದು ಗಾಡಿಯನ್ನ ಎತ್ತಿಸಿ, ನಾಲ್ಕೂ ಚಕ್ರಕ್ಕೆ ನೀವು ಮಾಡ್ತಿದ್ದ ಹಾಗೇ ಸ್ಕ್ರೂಡ್ರೈವರ್ ಇಟ್ಟು ಕೇಳಿದೆ. ಷೋರೂಮಿನಾಕೆ ಈ ಸಲ ಅಡ್ಡ ಬರಲಿಲ್ಲ. ಮೆತ್ತಗೆ, ಎಣ್ಣೆಯಲ್ಲಿ ಜಾರೋ ಸದ್ದು. ನೀವು ಬರೆದ ಹಾಗೇ ಇತ್ತು. ಗುಬ್ಬಿ ನಾನೂ ಕೇಳಬೇಕು ಅಂದಳು. ಬಲಗೈಯಲ್ಲಿ ಹಿಡಿದ್ಲು, ಆದ್ರೆ ಆ ಮೊಣಕೈ ಕಿವಿವರೆಗೆ ಮಡಚಲ್ಲ. ಎಡಗೈಗೆ ಬದಲಾಯಿಸ್ಕೊಂಡು ಕೇಳಿದ್ಲು. "ತಾತನಿಗೆ ಇದು ಕೇಳಿಸಲ್ವಾ?" ಅಂದಳು. ಇಲ್ಲ ಅಂದೆ.

ಕಾರು ಬುಧವಾರ ಮನೆಗೆ ಬರುತ್ತೆ. ಡಿಕ್ಕಿಯಲ್ಲಿ ಸ್ಟೆಪ್ನಿ ಹಾಕಿಸಿದ್ದೀನಿ.

ನಿಮ್ಮ ಮಗಳು ಕಿವಿ ಡಾಕ್ಟರ ಹತ್ರ ಭಾನುವಾರ ಹತ್ತೂವರೆಗೆ ಸಮಯ ತಗೊಂಡಿದ್ದಾಳೆ. ನಿಮ್ಮನ್ನ ಕರ್ಕೊಂಡು ಹೋಗೋಕೆ ನಾನು ಬರ್ತೀನಿ. ಸಿಟ್ಟು ಪೂರ್ತಿ ಹೋಗಿಲ್ಲ, ದಾರಿಯಲ್ಲಿ ಹೆಚ್ಚು ಮಾತಾಡಲಿಕ್ಕಿಲ್ಲ. ಎಂಟು ಗಂಟೆಗೆ ಬಾಗಿಲಲ್ಲಿ ನಿಂತಿರಿ. ಈ ಗಾಡಿ ಬಂದು ನಿಂತರೆ ಮನೆಯೊಳಗಿದ್ದವರಿಗೆ ಯಾರಿಗೂ ಕೇಳಿಸಲ್ಲ.

ನಿಮ್ಮ ಅಳಿಯ